ಸಾಲುಮನೆಯೂ ವಠಾರವೂ

ಇಂಗ್ಲಿಷಿನಲ್ಲಿ ‘ಟೆರೇಸ್’ ಎಂಬ ಶಬ್ದವೊಂದುಂಟು. ಅದನ್ನು ನಾವು ಎರವು ತಂದು ‘ತಾರಸಿ’ ಎಂದು ನಮ್ಮ ನಾಲಗೆಗೆ ಒಗ್ಗಿಸಿಕೊಂಡು ಬಹುಕಾಲವಾಯಿತು. ಆದರೆ ಶಬ್ದವು ಸಮುದ್ರವನ್ನು ದಾಟಿ ಬರುವಾಗ ಅರ್ಥವನ್ನು ಆಚೆಯ ದಡದಲ್ಲಿಯೇ ಬಿಟ್ಟುಬಂದಂತಿದೆ. ನಮ್ಮ ತಾರಸಿಯು ಮನೆಯ ನೆತ್ತಿಯ ಮೇಲಿರತಕ್ಕದ್ದು. ಬೇಸಗೆಯಲ್ಲಿ ಹಪ್ಪಳ ಸಂಡಿಗೆಗಳಿಗೂ, ರಾತ್ರಿಯಲ್ಲಿ ಹಾಸಿಗೆಗೂ ಒದಗುವ ಸಮತಟ್ಟಾದ ಮಾಳಿಗೆ. ಆಂಗ್ಲೇಯನ ಟೆರೇಸಾದರೋ ಬೀದಿಯುದ್ದಕ್ಕೂ ಗೋಡೆಗೆ ಗೋಡೆ ಕೂಡಿಸಿ ಕಟ್ಟಿದ ಮನೆಗಳ ಸಾಲು. ಮೂಲದಲ್ಲಿ ಆ ಮಾತಿಗೆ ಎತ್ತರಿಸಿದ ಮಣ್ಣಿನ ಜಗತಿಯೆಂಬ ಅರ್ಥವಿದ್ದಿತು. 18ನೆಯ ಶತಮಾನದಲ್ಲಿ ಆಡಂ ಸಹೋದರರು ಥೇಮ್ಸ್ ನದಿಯ ದಡದಲ್ಲಿ ಜಗತಿಯನ್ನೆತ್ತಿ, ಅದರ ಮೇಲೆ ಅಡೆಲ್ಫಿ ಎಂಬ ಮನೆಗಳ ಸಾಲನ್ನು ಕಟ್ಟಿದ ಮೇಲೆ, ಜಗತಿಯ ಹೆಸರು ಸಾಲಿಗೆ ಅಂಟಿಕೊಂಡಿತೆಂದು ಹೇಳುತ್ತಾರೆ. ಜಗತಿಯಿಲ್ಲದ ಸಾಲುಗಳಿಗೂ ಕ್ರಮೇಣ ಅದೇ ಹೆಸರಾಯಿತು.

ಈ ಸಾಲುಮನೆಗಳ ವಿಷಯವನ್ನು ಮಲ್ಲೇಶ್ವರದವರಿಗೆ ಹೇಳುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಮಲ್ಲೇಶ್ವರವೆಂದರೆ ಬಿಡಿ ಬಿಡಿಯಾದ ಮನೆಗಳ, ಮರಗಳ, ಅಗಲವಾದ ರಸ್ತೆಗಳ ಬಡಾವಣೆಯೆಂದೇ ಪ್ರಸಿದ್ಧಿ. ಇಲ್ಲಿ ಆಂಗ್ಲೇಯರ ಸಾಲುಮನೆಗೆ ಸಮಾನವಾದುದು ಎಲ್ಲಿಯದು? ಇದೆಯೆಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳದಂತೆ ಇದೆ. ಅದನ್ನು ಕಾಣಬೇಕಾದರೆ ಮೊದಲು ಈ ಬಡಾವಣೆಯು ಹುಟ್ಟಿದ ಬಗೆಯನ್ನು ತಿಳಿಯಬೇಕು.

ಕಾಡುಮಲ್ಲೇಶ್ವರ ದೇವಾಲಯದ ಶಾಸನವು 1669ನೆಯ ಇಸವಿಯದು. ಏಕೋಜಿಯು ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನು ಅದು ಹೇಳುತ್ತದೆ. ದೇವರು ಹಳಬನು, ಬಡಾವಣೆ ಹೊಸತು. 1898ನೆಯ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆಗ ಸಂಸ್ಥಾನದಲ್ಲಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರು, ಶೇಷಾದ್ರಿ ಅಯ್ಯರ್ ಅವರು ದಿವಾನರು. ಪೇಟೆಯ ಜನ ಮನೆಗಳನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿದರು. ಆ ಉತ್ಪಾತದ ಫಲವಾಗಿ ಪೇಟೆಯ ದಕ್ಷಿಣಕ್ಕೆ ಬಸವನಗುಡಿಯೂ ವಾಯವ್ಯಕ್ಕೆ ಮಲ್ಲೇಶ್ವರವೂ ನಕ್ಷೆಯ ಮೇಲೆ ಗೆರೆಯೆಳೆದು ಹುಟ್ಟಿದುವು.

ಆ ನಕ್ಷೆಯನ್ನು ಬರೆದವರ ಮನಸ್ಸಿನಲ್ಲಿ ಒಂದು ಭಯವಿದ್ದಿತು. ಪೇಟೆಯ ಮನೆಗಳು ಗೋಡೆಗೆ ಗೋಡೆ ಸೇರಿದ್ದುವು. ಚಿಕ್ಕಪೇಟೆ, ದೊಡ್ಡಪೇಟೆಗಳ ಬೀದಿಯೆಂದರೆ ಜಗಲಿಗಳ ಒಂದು ಅಖಂಡವಾದ ಸಾಲು. ಮನೆಯೊಳಗೆ ಬೆಳಕು ಬರತಕ್ಕದ್ದು ನಡುವಣ ತೊಟ್ಟಿಯಿಂದ. ಹಾಗೆ ನೋಡಿದರೆ ನಮ್ಮ ಪೇಟೆಯೇ ಒಂದು ದೊಡ್ಡ ಟೆರೇಸು. ಕೆಟ್ಟ ಗಾಳಿಯಿಂದಲೂ ಇಕ್ಕಟ್ಟಿನಿಂದಲೂ ರೋಗ ಹರಡುತ್ತದೆಂಬುದು ಆಗಿನ ಅಧಿಕಾರಿಗಳ ನಂಬಿಕೆ. ಆದುದರಿಂದ ಹೊಸ ಬಡಾವಣೆಯಲ್ಲಿ ಮನೆಗೂ ಮನೆಗೂ ನಡುವೆ ಗಾಳಿಯಾಡಬೇಕು, ಸುತ್ತ ಹಿತ್ತಿಲಿರಬೇಕು, ಗೋಡೆಗಳು ಒಂದನ್ನೊಂದು ಮುಟ್ಟಕೂಡದು. ವಿನೋದವೇನೆಂದರೆ, ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬಾತನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಅದನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಸಿಮೋನ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿಯೇ ಕರಾಚಿಯಲ್ಲಿ ತೋರಿಸಿದನು. ಆದರೆ ಅವನ ಮಾತನ್ನು ಲೋಕವು ಒಪ್ಪಿದ್ದು, 1905ರಿಂದ ಈಚೆಗೆ ಪ್ಲೇಗು ಕಮಿಷನ್ನಿನವರು ಪ್ರಯೋಗಗಳನ್ನು ನಡೆಸಿದ ಮೇಲೆ. ಅಷ್ಟರಲ್ಲಿ ಮಲ್ಲೇಶ್ವರದ ನಕ್ಷೆ ಮುಗಿದು ಹೋಗಿತ್ತು. ಕಾರಣವನ್ನು ತಪ್ಪಾಗಿ ತಿಳಿದು ಒಳ್ಳೆಯ ಊರನ್ನು ಕಟ್ಟಿದರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದೇ ಬಗೆಯ ಭಯವು ಇಂಗ್ಲೆಂಡಿಗೆ ಅರ್ಧ ಶತಮಾನ ಮೊದಲೇ ಬಂದಿದ್ದಿತು. ಅಲ್ಲಿ ಅದರ ಹೆಸರು ಕಾಲರಾ. 1848ರಲ್ಲಿ ಒಂದು, 1875ರಲ್ಲಿ ಇನ್ನೊಂದು, ಹೀಗೆ ಸಾರ್ವಜನಿಕ ಆರೋಗ್ಯದ ಕಾಯಿದೆಗಳಾದುವು. ಅವುಗಳ ಆಧಾರದ ಮೇಲೆ ಊರೂರಿನ ಪೌರಸಭೆಗಳು ಮನೆ ಕಟ್ಟುವ ಉಪನಿಯಮಗಳನ್ನು ಮಾಡಿದುವು. ಆದರೆ ಆಂಗ್ಲೇಯರು ಗೋಡೆಗಳನ್ನು ಬೇರ್ಪಡಿಸಲಿಲ್ಲ. ಚಳಿಯ ದೇಶದಲ್ಲಿ ನೆರೆಮನೆಯ ಗೋಡೆಯೂ ಒಂದು ಕಂಬಳಿಯೇ. ಅಲ್ಲದೆ ಒಂದು ಗೋಡೆ ಎರಡು ಮನೆಗಳಿಗೆ ಆಗುವುದಾದರೆ ಖರ್ಚಿನಲ್ಲಿ ಎಷ್ಟು ಉಳಿತಾಯವೆಂಬುದನ್ನು ಯಾವ ಮೇಸ್ತ್ರಿಯಾದರೂ ಬಲ್ಲನು. ಅವರು ಮಾಡಿದ್ದಿಷ್ಟೆ: ಮುಂದಣ ಬೀದಿಯ ಅಗಲವನ್ನು ಗೊತ್ತುಮಾಡಿದರು, ಪ್ರತಿ ಮನೆಗೂ ಹಿಂದೆ ಒಂದು ತೆರಪನ್ನು ಬಿಡಿಸಿದರು, ನೆಲದಡಿಯಲ್ಲಿ ಚರಂಡಿ ಹಾಯಿಸಿದರು, ಅನೇಕ ಊರುಗಳಲ್ಲಿ ಸಾಲಿನ ಬೆನ್ನಿಗೆ ಒಂದು ಸಣ್ಣ ಗಲ್ಲಿಯನ್ನೂ ಬಿಟ್ಟರು. ಕಕ್ಕಸಿನ ಮಲವನ್ನು ರಾತ್ರಿಯ ಹೊತ್ತಿನಲ್ಲಿ ಆ ಗಲ್ಲಿಯಿಂದ ಸಾಗಿಸುತ್ತಿದ್ದರು.

ಮಲ್ಲೇಶ್ವರದ ಹಳಬರಿಗೆ ಇದನ್ನು ಕೇಳಿದೊಡನೆ ತಮ್ಮ ಮನೆಯ ಹಿಂದಣ ಕನ್ಸರ್ವೆನ್ಸಿ ಗಲ್ಲಿಯ ನೆನಪು ಬಾರದಿರದು. ಮನೆಗಳ ಆಕಾರದಲ್ಲಿ ಎರಡು ದೇಶಗಳೂ ಬೇರೆ ಬೇರೆ ದಾರಿ ಹಿಡಿದುವು. ಹಿಂದಣ ಗಲ್ಲಿಯಲ್ಲಿ ಮಾತ್ರ ಒಂದಾದುವು. ಇಲ್ಲಿ ಆ ಗಲ್ಲಿಗೆ ಇನ್ನೊಂದು ಅರ್ಥವೂ ಇದ್ದಿತು. ಮಲ ಹೊರುವವನು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು, ಮನೆಯೊಳಗೆ ಕಾಲಿಡಬಾರದು. ಗಲ್ಲಿಗೆ ತೆರೆಯುವ ಸಣ್ಣ ಬಾಗಿಲಿನಿಂದಲೇ ಅವನ ಕೆಲಸ ಮುಗಿಯಬೇಕು. ಬಡಾವಣೆಯ ನಿವೇಶನಗಳನ್ನು ಜಾತಿವಾರಾಗಿ ಹಂಚಿದುದನ್ನೂ ಇದರೊಡನೆ ನೆನೆಯಬೇಕು. ನಾವು ಇಂದು ಹೊಗಳುವ ಆ ಸಂಪಿಗೆ ರಸ್ತೆಯ ಒಪ್ಪ, ಓರಣಗಳೆಲ್ಲವೂ ಯಾರ ಬೆನ್ನಿನ ಮೇಲೆ ನಿಂತಿದ್ದುವೆಂಬುದನ್ನು ಹಿತ್ತಿಲ ಬಾಗಿಲೇ ಹೇಳುತ್ತದೆ. ಮಲ ಹೊರಿಸುವುದನ್ನು ದೇಶದ ಕಾಯಿದೆಯು ನಿಷೇಧಿಸಿದ್ದು 1993ರಲ್ಲಿ. ಆ ನಿಷೇಧವನ್ನು ಇನ್ನಷ್ಟು ಬಿಗಿಮಾಡಿದ್ದು 2013ರಲ್ಲಿ. ವಾಸ್ತುಶಿಲ್ಪದ ಪುಸ್ತಕಗಳು ಮುಂಬಾಗಿಲನ್ನು ಮಾತ್ರ ವರ್ಣಿಸುವುದು ನಮಗೆ ಯಾವಾಗಲೂ ಅರೆಮಾತಾಗಿ ತೋರಿದೆ.

ಈಗ ಇಟ್ಟಿಗೆಯ ವಿಷಯ. ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಯು ಮುಖ್ಯವಾಗಿ ಇಟ್ಟಿಗೆಯ ಕೃತಿ. 1850ರಲ್ಲಿ ಇಟ್ಟಿಗೆಯ ಮೇಲಿನ ತೆರಿಗೆಯೂ 1851ರಲ್ಲಿ ಕಿಟಕಿಗಳ ಮೇಲಿನ ತೆರಿಗೆಯೂ ರದ್ದಾದುವು. ಕಿಟಕಿಗೂ ತೆರಿಗೆಯೇ ಎಂದು ನಗಬೇಡಿ; ತೆರಿಗೆಗೆ ಅಂಜಿ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದ ಮನೆಗಳು ಅಲ್ಲಿ ಈಗಲೂ ಇವೆ. ತೆರಿಗೆ ಹೋದ ಮೇಲೆ, ರೈಲು ಬಂದ ಮೇಲೆ, ದೂರದ ಊರಿನ ಕೆಂಪು ಇಟ್ಟಿಗೆ, ವೇಲ್ಸಿನ ಕಪ್ಪು ಸ್ಲೇಟು ಎಲ್ಲವೂ ಅಗ್ಗವಾಗಿ ದೊರಕಿದುವು. ಲಂಡನ್ನಿನ ಇಟ್ಟಿಗೆ ಮಾತ್ರ ಹಳದಿಯದು. ಮಣ್ಣಿಗೆ ಸೀಮೆಸುಣ್ಣವನ್ನೂ ಬೂದಿಯನ್ನೂ ಬೆರಸಿದುದರಿಂದ ಆ ಬಣ್ಣ. ಕಲ್ಲಿದ್ದಲ ಹೊಗೆಯಿಂದ ಅದು ಕರಿದಾಗಿ ಒಂದು ಬಗೆಯ ಗಾಂಭೀರ್ಯವನ್ನು ಪಡೆಯಿತು.

ಇಟ್ಟಿಗೆಯ ಗೋಡೆಯನ್ನು ಓದುವುದು ಕಷ್ಟವಲ್ಲ. ಇಟ್ಟಿಗೆಯ ಉದ್ದನೆಯ ಮಗ್ಗುಲು ಹೊರಗೆ ಕಂಡರೆ ಅದು ಉದ್ದಗಲ್ಲಾಗಿ ಇಟ್ಟದ್ದು. ತಲೆ ಮಾತ್ರ ಕಂಡರೆ ಗೋಡೆಯೊಳಕ್ಕೆ ಅಡ್ಡವಾಗಿ ಇಟ್ಟದ್ದು. ಒಂದು ವರಸೆಯಲ್ಲಿ ಎಲ್ಲವೂ ಉದ್ದ, ಮೇಲಿನ ವರಸೆಯಲ್ಲಿ ಎಲ್ಲವೂ ತಲೆ, ಹೀಗಿದ್ದರೆ ಅದನ್ನು ಇಂಗ್ಲಿಷ್ ಕಟ್ಟೆಂದು ಕರೆಯುತ್ತಾರೆ. ಅದು ಬಲಕ್ಕೆ ಹೆಸರಾದುದು. ಒಂದೇ ವರಸೆಯಲ್ಲಿ ಉದ್ದವೂ ತಲೆಯೂ ಒಂದು ಬಿಟ್ಟು ಒಂದು ಬಂದರೆ ಅದು ಫ್ಲೆಮಿಷ್ ಕಟ್ಟು. ನೋಟಕ್ಕೆ ಅದು ಹಿತ. ಬೀದಿಯ ಕಡೆಗೆ ಫ್ಲೆಮಿಷ್ ಕಟ್ಟಿನ ಒಳ್ಳೆಯ ಇಟ್ಟಿಗೆಯನ್ನು ತೋರಿಸಿ, ಹಿಂದಣ ಗೋಡೆಗೆ ಕೈಗೆ ಸಿಕ್ಕಿದ್ದನ್ನು ಹಾಕಿರುವ ಸಾಲುಮನೆಗಳು ಬೇಕಾದಷ್ಟಿವೆ. ಮುಂದೆ ಜರತಾರಿ, ಹಿಂದೆ ಹರಕು ಎಂಬ ಮಾತು ನಮ್ಮ ದೇಶಕ್ಕೆ ಮಾತ್ರ ಸಲ್ಲುವುದಲ್ಲ.

ನಮ್ಮ ಮಲ್ಲೇಶ್ವರದಲ್ಲಿ ಈ ಬಗೆಯ ಓದು ಸಾಧ್ಯವಿಲ್ಲ. ಇಲ್ಲಿಯೂ ಗೋಡೆ ಇಟ್ಟಿಗೆಯದೇ. ಒಂದೂವರೆ ಅಡಿ ದಪ್ಪದ ಗೋಡೆಗಳು ಹಳೆಯ ಮನೆಗಳಲ್ಲಿ ಅಪೂರ್ವವಲ್ಲ. ಆದರೆ ನಾಡ ಇಟ್ಟಿಗೆಯು ಸೌದೆಯ ಬೆಂಕಿಯಲ್ಲಿ ಬೆಂದದ್ದು, ಮೆದುವಾದುದು, ನೀರನ್ನು ಕುಡಿಯುವ ಸ್ವಭಾವದ್ದು. ಗಾಳಿಮಳೆಯ ಹೊಡೆತಕ್ಕೆ ಅದನ್ನು ಬರಿಮೈಯಲ್ಲಿ ನಿಲ್ಲಿಸುವಂತಿಲ್ಲ. ಆದುದರಿಂದ ಸುಣ್ಣದ ಗಾರೆಯ ಹೊದಿಕೆ ಅವಶ್ಯವಾಯಿತು. ಆಂಗ್ಲೇಯ ಮೇಸ್ತ್ರಿಯು ತನ್ನ ಜಾಣತನವನ್ನು ಇಟ್ಟಿಗೆಯ ಜೋಡಣೆಯಲ್ಲಿ ತೋರಿದರೆ, ನಮ್ಮ ಮೇಸ್ತ್ರಿ ಗಾರೆಯಲ್ಲಿ ತೋರಿದನು. ಕೈಪಿಡಿಗೋಡೆಯ ಕುಂಭಗಳು, ಕಿಟಕಿಯ ಮೇಲಿನ ಬಳ್ಳಿ, ಕಂಬದ ತಲೆಯ ದಳಗಳು ಇವೆಲ್ಲ ಕರಣೆಯ ಮೊನೆಯಿಂದ ಮೂಡಿದುವು. ಬಾಗಿಲ ಮೇಲೆ ಕಟ್ಟಿದ ವರ್ಷವನ್ನು ಮೂಡಿಸುವ ಪದ್ಧತಿಯಂತೂ ಚರಿತ್ರೆಯ ವಿದ್ಯಾರ್ಥಿಗೆ ಮಹೋಪಕಾರ.

ತಾರಸಿಯ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ಕೈಗೆಲಸವನ್ನು ಬಲ್ಲವರು ಇಂದು ವಿರಳ. ಇದಕ್ಕೆ ಮದರಾಸು ತಾರಸಿಯೆಂದು ಹೆಸರು. ಗೋಡೆಯಿಂದ ಗೋಡೆಗೆ ಮರದ ತೊಲೆ. ತೊಲೆಯ ಮೇಲೆ ಹತ್ತಿರ ಹತ್ತಿರವಾಗಿ ಜಂತೆಗಳು. ಜಂತೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಒಂದಕ್ಕೊಂದು ಅಂಟಿಸುತ್ತ, ಕೋಣೆಯ ಒಂದು ಮೂಲೆಯಿಂದ ಓರೆಯಾಗಿ ಸಾಲುಗಟ್ಟುತ್ತ ಹೋಗಬೇಕು. ಕೆಳಗಿನಿಂದ ಹಲಗೆಯ ಆನಿಕೆ ಬೇಕಿಲ್ಲ. ಗಾರೆಯು ಹಿಡಿಯುವವರೆಗೆ ಒಂದು ಸಾಲು ಇನ್ನೊಂದನ್ನು ಆತುಕೊಂಡಿರುತ್ತದೆ. ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣದ ದಪ್ಪನೆಯ ಹಾಸು. ಆ ಹಾಸನ್ನು ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಯಿಟ್ಟ ನೀರನ್ನು ಚಿಮುಕಿಸುವುದು ರೂಢಿ. ಕೊಡತಿಯು ಪುಟಿದೇಳುವಷ್ಟು ಹಾಸು ಗಟ್ಟಿಯಾದ ಮೇಲೆ ಚಪ್ಪಟೆಯ ಬಿಲ್ಲೆಗಳ ಹೊದಿಕೆ. ಕೋಣೆಯಲ್ಲಿ ಮಲಗಿ ಮೇಲೆ ನೋಡಿದರೆ ಜಂತೆಗಳ ನಡುವೆ ಓರೆ ಇಟ್ಟಿಗೆಗಳ ನೇಯ್ಗೆ ಕಾಣುತ್ತದೆ. ಆಂಗ್ಲೇಯನು ಮುಂಗೋಡೆಯಲ್ಲಿ ತೋರಿದ ಇಟ್ಟಿಗೆಯ ಚಿತ್ತಾರವನ್ನು ನಮ್ಮವರು ಮಲಗುವವನ ಕಣ್ಣಿಗೆ ಮೀಸಲಿಟ್ಟಂತಾಯಿತು!

ತಾರಸಿಗೆ ಹಣ ಸಾಲದಿದ್ದವರಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಈ ಹೆಂಚು ನಾಡಿನಲ್ಲೆಲ್ಲ ಹರಡಿತು. ಒಂದರ ಹಲ್ಲಿಗೆ ಇನ್ನೊಂದು ಕಚ್ಚಿಕೊಳ್ಳುವುದರಿಂದ ಕೈಹೆಂಚಿಗಿಂತ ಹಗುರ, ಸೋರಿಕೆಯೂ ಕಡಮೆ. ಶ್ರೀಮಂತರ ಮನೆಗಳಲ್ಲಿ ಹೆಂಚಿನ ಮುಂಚಾಚಿನ ಕೆಳಗೆ ಮರದ ಜಾಲರಿಯೂ, ಕಿಟಕಿಯ ನೆತ್ತಿಗೆ ‘ಮಂಕಿಟಾಪ್’ ಎಂಬ ಮೊನಚಾದ ಮರದ ಕುಲಾವಿಯೂ ಬಂದುವು. ಈ ಅಲಂಕಾರವು ಇಂಗ್ಲೆಂಡಿನ ಹಳ್ಳಿಮನೆಗಳ ಮಾಡಂಚಿನಿಂದ ದಂಡಿನ ಬಂಗಲೆಗಳಿಗೆ ಇಳಿದು, ಅಲ್ಲಿಂದ ನಮ್ಮ ಬಡಾವಣೆಗಳಿಗೆ ಬಂದದ್ದು. ಬೆಂಗಳೂರಿನ ವಾಸ್ತುವೆಂದೊಡನೆ ಚಿತ್ರಗಾರರೆಲ್ಲರೂ ಇದನ್ನೇ ಬರೆಯುತ್ತಾರೆ. ಅಂದವಾದುದೇನೋ ಸರಿ, ಇದರ ಮೇಲೆ ಸುರಿದಿರುವ ಪ್ರೀತಿಯಲ್ಲಿ ಹತ್ತರಲ್ಲೊಂದು ಪಾಲು ನಾವು ಈಗ ಹೇಳಹೊರಟಿರುವ ವಸ್ತುವಿಗೆ ದೊರಕಿದ್ದರೆ ಚೆನ್ನಾಗಿತ್ತು.

ಆ ವಸ್ತುವೇ ವಠಾರ. ನಕ್ಷೆಯು ಮುಂಬಾಗಿಲಿನಿಂದ ಹೊರಗಟ್ಟಿದ ಸಾಲುಮನೆಯು ಮಗ್ಗುಲ ಓಣಿಯಿಂದ ಒಳಕ್ಕೆ ಬಂದ ಕಥೆಯಿದು. ನಿವೇಶನ ವಿಶಾಲವಾಗಿದ್ದಿತು, ಮುಂದೆ ಯಜಮಾನರ ಮನೆ, ಹಿಂದೆ ಹಿತ್ತಿಲು. ಪಟ್ಟಣಕ್ಕೆ ಗುಮಾಸ್ತರು, ಉಪಾಧ್ಯಾಯರು, ಓದುವ ಹುಡುಗರು ಬಂದು ಸೇರಿದ ಹಾಗೆಲ್ಲ ಬಾಡಿಗೆ ಮನೆಗೆ ಬೇಡಿಕೆ ಹೆಚ್ಚಿತು. ಯಜಮಾನರು ಹಿತ್ತಿಲಿನಲ್ಲಿ ಆವರಣದ ಗೋಡೆಗೆ ಬೆನ್ನು ಕೊಟ್ಟು ನಾಲ್ಕೋ ಆರೋ ಸಣ್ಣ ಮನೆಗಳನ್ನು ಸಾಲಾಗಿ ಕಟ್ಟಿಸಿದರು. ಪ್ರತಿಯೊಂದಕ್ಕೂ ಒಂದು ಮೊಳದಗಲದ ಜಗಲಿ, ಒಂದು ನಡುಮನೆ, ಒಂದು ಅಡಿಗೆಮನೆ. ನಡುವೆ ಕಲ್ಲುಚಪ್ಪಡಿ ಹಾಸಿದ ಅಂಗಳ, ಅಂಗಳದಲ್ಲಿ ಬಾವಿ ಅಥವಾ ನಲ್ಲಿ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಬಚ್ಚಲು. ಎರಡು ಮನೆಗಳಿಗೆ ಒಂದೇ ಗೋಡೆ. ಇಡೀ ಸಾಲಿಗೆ ಒಂದೇ ಹೆಂಚಿನ ಮಾಡು. ಇದು ಲಕ್ಷಣವರಿತು ನೋಡಿದರೆ ಅಪ್ಪಟ ಟೆರೇಸು.

ಎರಡು ವ್ಯತ್ಯಾಸಗಳನ್ನು ಮಾತ್ರ ಗಮನಿಸಬೇಕು. ಲಂಡನ್ನಿನಲ್ಲಿ 1666ರ ಬೆಂಕಿಯ ಅನುಭವದಿಂದ ಹುಟ್ಟಿದ ಕಾಯಿದೆಗಳು, ನಡುಗೋಡೆಯನ್ನು ಮಾಡಿನಿಂದ ಮೇಲಕ್ಕೆ ಎತ್ತಿ ನಿಲ್ಲಿಸುವಂತೆ ಮಾಡಿದುವು. ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಾರಬಾರದೆಂದು. ನಮ್ಮ ವಠಾರಗಳಲ್ಲಿ ಕೆಲವೆಡೆ ನಡುಗೋಡೆಯು ಮಾಡಿನ ತನಕವೂ ಹೋಗದೆ ತೊಲೆಯ ಮಟ್ಟದಲ್ಲಿಯೇ ನಿಲ್ಲುತ್ತದೆ. ಅದರಿಂದಾಗಿ ಒಂದು ಮನೆಯ ಒಗ್ಗರಣೆಯ ವಾಸನೆಯೂ, ಮಗುವಿನ ಮಗ್ಗಿಯೂ, ಗಂಡಹೆಂಡಿರ ಮನಸ್ತಾಪವೂ ಸಾಲಿನುದ್ದಕ್ಕೂ ಸಂಚರಿಸುವುದಕ್ಕೆ ಅಡ್ಡಿಯಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಆಂಗ್ಲೇಯನ ಸಾಲು ಬೀದಿಗೆ ಮುಖಮಾಡಿ ನಿಲ್ಲುತ್ತದೆ. ವಠಾರವು ತನಗೆ ತಾನೇ ಮುಖಮಾಡಿಕೊಂಡಿದೆ. ಪೇಟೆಯ ತೊಟ್ಟಿಮನೆಯು ಒಂದು ಕುಟುಂಬಕ್ಕೆ ಒದಗಿಸಿದ ಅಂಗಳವನ್ನು ಇದು ಆರು ಕುಟುಂಬಗಳಿಗೆ ಒದಗಿಸಿತು. ಬೀದಿಯಲ್ಲಿ ಹೋಗುವವನಿಗೆ ಇದು ಕಾಣುವುದೇ ಇಲ್ಲ. ಕಾಣದ್ದನ್ನು ಯಾರು ಪಟ್ಟಿಗೆ ಸೇರಿಸುತ್ತಾರೆ?

ಪಟ್ಟಿಯೆಂಬುದು ಇಲ್ಲಿ ಲಘುವಾದ ಮಾತಲ್ಲ. ಇಂಗ್ಲೆಂಡಿನಲ್ಲಿ 1947ರ ನಗರಯೋಜನೆಯ ಕಾಯಿದೆಯಿಂದ ಮುಖ್ಯ ಕಟ್ಟಡಗಳ ಅಧಿಕೃತವಾದ ಪಟ್ಟಿ ನೆಲೆಗೊಂಡಿತು. ಪಟ್ಟಿಯಲ್ಲಿ ಸೇರಿದ ಮನೆಯನ್ನು ಅಪ್ಪಣೆಯಿಲ್ಲದೆ ಕೆಡವುವಂತಿಲ್ಲ, ರೂಪಗೆಡಿಸುವಂತಿಲ್ಲ. ಮೊದಲು ವಿಕ್ಟೋರಿಯಾ ಕಾಲದ ಸಾಲುಮನೆಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವು ವಿಕಾರವೆಂದೂ ಕೊಳಕೆಂದೂ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಸಾವಿರಗಟ್ಟಲೆ ಕೆಡವಿಹಾಕಿದರು. 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಎಂಬ ಸಂಘ ಹುಟ್ಟಿದ ಮೇಲೆ ಅಭಿಪ್ರಾಯವು ನಿಧಾನವಾಗಿ ತಿರುಗಿತು. ಇಂದು ಆ ಪಟ್ಟಿಯಲ್ಲಿ ಮೂರು ಮುಕ್ಕಾಲು ಲಕ್ಷಕ್ಕೂ ಮೇಲ್ಪಟ್ಟು ನಮೂದುಗಳಿವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಎರಡನೆಯ ದರ್ಜೆಯವು. ಅರಮನೆಗಳಲ್ಲ, ಸಾಮಾನ್ಯರ ಮನೆಗಳೇ ಬಹಳ. ಸಾಲುಮನೆಗಳನ್ನು ಸೇರಿಸುವಾಗ ಅವರು ಬಳಸುವ ಒಂದು ವಿಚಾರವು ನಮಗೆ ಬಹಳ ಮೆಚ್ಚುಗೆಯಾದುದು. ಒಂದೊಂದು ಮನೆಯನ್ನೂ ಬಿಡಿಯಾಗಿ ನೋಡಿದರೆ ಅದರಲ್ಲಿ ವಿಶೇಷವೇನೂ ಇಲ್ಲದಿರಬಹುದು. ಆದರೆ ಸಾಲಿನಲ್ಲಿ ಅದಕ್ಕೆ ಗುಂಪಿನ ಬೆಲೆಯುಂಟು. ಒಂದು ಹಲ್ಲು ಬಿದ್ದರೆ ನಗೆ ಕೆಡುವಂತೆ ಒಂದು ಮನೆ ಹೋದರೆ ಸಾಲು ಕೆಡುತ್ತದೆ. 1967ರಲ್ಲಿ ಅವರು ಇದನ್ನು ಇನ್ನೂ ಮುಂದಕ್ಕೆ ಒಯ್ದು, ಇಡಿಯ ಬೀದಿಗಳನ್ನೇ ರಕ್ಷಿತ ಪ್ರದೇಶಗಳೆಂದು ಸಾರುವ ಕಾಯಿದೆ ಮಾಡಿದರು.

ನಮ್ಮ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ದೇವಾಲಯ, ಕೋಟೆ, ಶಾಸನಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಜನ ವಾಸಮಾಡುತ್ತಿರುವ, ಬಾಡಿಗೆ ಬರುತ್ತಿರುವ, ನೂರು ವರ್ಷದ ಮನೆಗೆ ಅದು ಒಗ್ಗುವ ಅಂಗಿಯಲ್ಲ. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯು ಬೆಂಗಳೂರಿನ ಹಳೆಯ ಕಟ್ಟಡಗಳನ್ನು ಶ್ರದ್ಧೆಯಿಂದ ದಾಖಲೆ ಮಾಡಿದೆ. ಆದರೆ ಆ ದಾಖಲೆಗೆ ಕಾಯಿದೆಯ ಬಲವಿಲ್ಲ. ಮುಂಬಯಿಯಲ್ಲಿ 1995ರಲ್ಲಿಯೇ ಪಾರಂಪರಿಕ ಕಟ್ಟಡಗಳ ನಿಬಂಧನೆಗಳು ಜಾರಿಗೆ ಬಂದುವೆಂಬುದನ್ನು ನೆನೆದರೆ ನಾವು ಎಷ್ಟು ಹಿಂದುಳಿದೆವೆಂಬುದು ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಮನೆಯ ಯಜಮಾನರನ್ನು ದೂಷಿಸಿದಂತಾಗಕೂಡದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಐದು ಜನ, ನಿವೇಶನ ಒಂದು. ಕೆಡವಿ ನಾಲ್ಕಂತಸ್ತು ಕಟ್ಟಿದರೆ ಎಲ್ಲರಿಗೂ ಒಂದೊಂದು ಪಾಲು; ಉಳಿಸಿಕೊಂಡರೆ ಎಲ್ಲರಿಗೂ ಸೇರಿ ಒಂದು ಸೋರುವ ಮಾಡು. ದಾರಿಹೋಕನ ಕಣ್ಣಿನ ಸಂತೋಷಕ್ಕಾಗಿ ನಷ್ಟವನ್ನು ಅವರೊಬ್ಬರೇ ಹೊರಬೇಕೆಂದು ಹೇಳುವುದು ನ್ಯಾಯವಲ್ಲ. ಮುಂದಣ ದೊಡ್ಡ ಮನೆಗಾದರೂ ಕೆಲವು ವೇಳೆ ಅಭಿಮಾನಿಗಳು ದೊರೆಯುತ್ತಾರೆ, ಸರ್ ಸಿ.ವಿ. ರಾಮನ್ ಅವರ ‘ಪಂಚವಟಿ’ಯಂತೆ ದೊಡ್ಡವರ ಹೆಸರಿನ ಆಸರೆಯಿಂದ ಉಳಿದುಕೊಂಡವೂ ಉಂಟು. ವಠಾರಕ್ಕೆ ಅಂತಹ ಹೆಸರಿಲ್ಲ. ಅಲ್ಲಿದ್ದವರೂ ಮನೆಯನ್ನು ಬಿಟ್ಟು ಮೇಲಕ್ಕೆ ಹೋಗುವುದನ್ನೇ ಏಳಿಗೆಯೆಂದು ಬಗೆದರು. ನಲ್ಲಿಯ ಮುಂದಿನ ಸಾಲು, ಬಚ್ಚಲಿನ ಮುಂದಿನ ಕಾಯುವಿಕೆ ಇವನ್ನು ಅನುಭವಿಸಿದವರಿಗೆ ಆ ಬಯಕೆ ಸಹಜವೇ ಸರಿ. ಆದರೂ ಈ ಪಟ್ಟಣದ ಕಚೇರಿಗಳನ್ನೂ ಶಾಲೆಗಳನ್ನೂ ನಡೆಸಿದ ಎಷ್ಟೋ ಜನ ಇಂತಹ ಎರಡು ಕೋಣೆಗಳಲ್ಲಿ ಬದುಕಿದರು. ಅವರು ಹೇಗೆ ಬದುಕಿದರೆಂಬುದಕ್ಕೆ ಈ ಗೋಡೆಗಳಿಗಿಂತ ನಂಬಿಗೆಯ ಸಾಕ್ಷಿ ಮತ್ತೊಂದಿಲ್ಲ.

ಎಲ್ಲವನ್ನೂ ಉಳಿಸುವುದು ಆಗದ ಮಾತು. ಅಳೆದು ಬರೆದಿಡುವುದಾದರೂ ಆಗಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಸೇರಿದರೆ ಒಂದು ವಠಾರಕ್ಕೆ ಒಂದು ಬೆಳಗು ಸಾಕು. ಒಬ್ಬರು ಅಳತೆಯ ಪಟ್ಟಿಯನ್ನು ಹಿಡಿಯಬೇಕು, ಒಬ್ಬರು ಬರೆದುಕೊಳ್ಳಬೇಕು. ಗೋಡೆಯ ದಪ್ಪವನ್ನು ಬಾಗಿಲ ಚೌಕಟ್ಟಿನ ಬಳಿ ಅಳೆಯಬಹುದು. ಗಾರೆ ಉದುರಿದ ಕಡೆ ಇಟ್ಟಿಗೆಯ ಉದ್ದಗಲಗಳನ್ನು ಬರೆದುಕೊಳ್ಳಬೇಕು. ಹೆಂಚನ್ನು ತಿರುವಿ ನೋಡಿದರೆ ಅನೇಕ ಸಲ ಕಾರ್ಖಾನೆಯ ಹೆಸರೂ, ಕೆಲವು ಸಲ ವರ್ಷವೂ ಅಚ್ಚೊತ್ತಿರುತ್ತದೆ. ಬಾವಿ ಎಲ್ಲಿದ್ದಿತು, ನಲ್ಲಿ ಯಾವಾಗ ಬಂದಿತು, ಯಾವ ಮನೆಗೆ ಬಾಡಿಗೆ ಎಷ್ಟಿದ್ದಿತು ಎಂಬುದನ್ನು ಅಲ್ಲಿಯ ಹಿರಿಯ ಹೆಂಗಸರನ್ನು ಕೇಳಬೇಕು. ಯಜಮಾನರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಕೊನೆಗೆ ಹಿಂದಣ ಗಲ್ಲಿಗೆ ಹೋಗಿ ಇಟ್ಟಿಗೆಯಿಂದ ಮುಚ್ಚಿದ ಆ ಸಣ್ಣ ಬಾಗಿಲು ಎಲ್ಲಿದ್ದಿತೆಂಬುದನ್ನು ನಕ್ಷೆಯಲ್ಲಿ ಗುರುತು ಮಾಡುವುದನ್ನು ಮರೆಯಬಾರದು.